ಫೋನ್ ಬದಲಾಯಿಸಬೇಕಾ, ಬ್ಯಾಟರಿ ಹಾಕಿಸಿದರೆ ಸಾಕಾ? ಮಂಡಿ ಗುಮಾಸ್ತನ ಲೆಕ್ಕ

ಮಂಡ್ಯದ ಎಪಿಎಂಸಿ ಯಾರ್ಡಿನ ಒಂದು ಬೆಲ್ಲದ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಆಲೆಮನೆಯವರ ಫೋನು, ಹೊರಗಿನ ವ್ಯಾಪಾರಿಗಳ ಫೋನು, ಲಾರಿಯವರ ಫೋನು, ನಡುನಡುವೆ ಯುಪಿಐ. ಮಧ್ಯಾಹ್ನಕ್ಕೇ ಮೊಬೈಲ್ ಕೈಕೊಟ್ಟರೆ ಅರ್ಧ ವ್ಯಾಪಾರ ನಿಂತ ಹಾಗೆ. ಅದಕ್ಕೇ ಇರಬೇಕು, ಮನೆಯಲ್ಲಿ ಯಾರ ಫೋನ್ ಹಳತಾದರೂ ಮೊದಲು ನನ್ನ ಹತ್ತಿರ ಬರುತ್ತದೆ. ಈ ಸಲ ಬಂದವನು ಅಕ್ಕನ ಮಗ. ಮೈಸೂರಿನಲ್ಲಿ ಡಿಗ್ರಿ ಓದುತ್ತಾನೆ, ದಿನಾ ರೈಲಿನಲ್ಲಿ ಓಡಾಟ. "ಮಾವ, ಚಾರ್ಜ್ ನಿಲ್ತಾನೇ ಇಲ್ಲ. ದಸರಾ ಆಫರ್ ಬಿಟ್ಟವ್ರೆ, ಹೊಸದು ತಗೊಂಡ್‌ಬಿಡ್ಲಾ?" ಅಂದ.

ಆಫರ್ ಆಮೇಲೆ ನೋಡೋಣ, ಮೊದಲು ಫೋನಿಗೆ ಏನಾಗಿದೆ ನೋಡೋಣ ಕೊಡು ಅಂದೆ. ಅವತ್ತು ನೋಡಿದ್ದು, ಲೆಕ್ಕ ಹಾಕಿದ್ದು ಎಲ್ಲ ಬರೆದಿದ್ದೇನೆ. ನಿಮ್ಮ ಫೋನಿಗೂ ಹೀಗೇ ಮಾಡಿ.

ತಪ್ಪು ಬ್ಯಾಟರಿಯದ್ದೇನಾ?

ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಅಂತ ಇರುತ್ತದಲ್ಲ, ಅದರೊಳಗೆ ಯಾವ ಆ್ಯಪ್ ಎಷ್ಟು ಚಾರ್ಜ್ ತಿಂದಿದೆ ಅನ್ನುವ ಪಟ್ಟಿ ಸಿಗುತ್ತದೆ. ಹುಡುಗನ ಫೋನಿನಲ್ಲಿ ಮೇಲುಗಡೆ ರೀಲ್ಸ್ ನೋಡುವ ಆ್ಯಪ್ ಇತ್ತು. ಅದು ಇರದಿದ್ದರೇ ಆಶ್ಚರ್ಯ ಬಿಡಿ. ಅದರ ಕೆಳಗೇ ಒಂದು ಕ್ರಿಕೆಟ್ ಸ್ಕೋರಿನ ಆ್ಯಪ್. ಐಪಿಎಲ್ ಮುಗಿದ ಮೇಲೆ ಅದನ್ನು ತೆರೆದೇ ಇಲ್ಲವಂತೆ. ಅದು ಮಾತ್ರ ಹಿಂದಿನಿಂದ ಲೊಕೇಶನ್ ನೋಡುತ್ತಾ, ನೋಟಿಫಿಕೇಶನ್ ಕಳಿಸುತ್ತಾ ಕೂತಿತ್ತು. ಅಲ್ಲೇ ತೆಗೆಸಿದೆ.

ಇನ್ನೊಂದು ನೆಟ್‌ವರ್ಕ್. ಮಂಡ್ಯ ಬಿಟ್ಟರೆ ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ. ರೈಲು ಓಡುತ್ತಿದ್ದಂತೆ ಫೋನ್ ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರುತ್ತದೆ. ಸಿಗ್ನಲ್ ಕಮ್ಮಿ ಇರುವ ಕಡೆ ದೂರದ ಟವರ್‌ಗೆ ಮುಟ್ಟಲು ಜಾಸ್ತಿ ಕರೆಂಟ್ ಎಳೆಯುತ್ತದೆ. 5ಜಿ ಬಂದು ಬಂದು ಹೋಗುವ ಊರುಗಳಲ್ಲೂ ಇದೇ ಪಾಡು. ಅಂಥ ಕಡೆ ಓಡಾಡುವವರು ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 4ಜಿಗೆ ಇಟ್ಟು ನಾಲ್ಕು ದಿನ ನೋಡಿ. ಈ ಕಾಯಿಲೆಗೆ ಹೊಸ ಫೋನ್ ಔಷಧಿ ಅಲ್ಲ, ಹೊಸದಕ್ಕೂ ಅದೇ ರೈಲು, ಅದೇ ಟವರ್.

ಇವೆರಡೂ ಆದ ಮೇಲೆ ರಾತ್ರಿ ಪರೀಕ್ಷೆ. ಮಲಗುವಾಗ ಎಷ್ಟು ಪರ್ಸೆಂಟ್ ಇದೆ ಬರೆದಿಟ್ಟು, ಫ್ಲೈಟ್ ಮೋಡ್ ಹಾಕಿ, ಚಾರ್ಜರ್ ಚುಚ್ಚದೆ ಮಲಗಿ. ಬೆಳಿಗ್ಗೆ ನೋಡಿ. ಮಾರನೆಯ ರಾತ್ರಿ ಫ್ಲೈಟ್ ಮೋಡ್ ಇಲ್ಲದೆ ಹಾಗೇ ಮಾಡಿ. ಮೊದಲ ರಾತ್ರಿ ಸ್ವಲ್ಪವೇ ಇಳಿದು, ಎರಡನೆಯ ರಾತ್ರಿ ಸುಮಾರಾಗಿ ಇಳಿದಿದ್ದರೆ ತಪ್ಪು ಆ್ಯಪ್‌ದೋ ನೆಟ್‌ವರ್ಕ್‌ದೋ ಇರುತ್ತದೆ. ಫ್ಲೈಟ್ ಮೋಡ್‌ನಲ್ಲೂ ಸರ್ರನೆ ಇಳಿದಿದ್ದರೆ ಅನುಮಾನ ಬ್ಯಾಟರಿ ಮೇಲೆ.

ಬ್ಯಾಟರಿ ಸೋತಿದೆ ಅನ್ನಲು ಇನ್ನೂ ಗಟ್ಟಿ ಗುರುತೊಂದಿದೆ. ಪರದೆ ಮೇಲೆ 18 ಪರ್ಸೆಂಟ್ ಅಂತ ಇರುತ್ತದೆ, ಕ್ಯಾಮೆರಾ ತೆರೆದ ತಕ್ಷಣ ಫೋನ್ ಆಫ್. ಚಾರ್ಜರ್ ಚುಚ್ಚಿ ಆನ್ ಮಾಡಿದರೆ ಮತ್ತೆ 15 ಅಂತ ತೋರಿಸುತ್ತದೆ. ಹಳೆಯ ಲಿಥಿಯಂ ಬ್ಯಾಟರಿಯ ಒಳಗೆ ಕರೆಂಟ್ ಹರಿಯಲು ತಡೆ ಜಾಸ್ತಿಯಾಗಿರುತ್ತದೆ. ಒಮ್ಮೆಲೇ ಕರೆಂಟ್ ಕೇಳಿದರೆ ವೋಲ್ಟೇಜ್ ಕುಸಿಯುತ್ತದೆ, ಫೋನ್ ಮಲಗುತ್ತದೆ. ಇದನ್ನು ತಪ್ಪಿಸಲು ಕೆಲವು ಫೋನ್‌ಗಳು ತಾವೇ ನಿಧಾನ ಆಗುವುದೂ ಉಂಟು. ಹಳೆಯ ಬ್ಯಾಟರಿ ಇರುವ ಐಫೋನ್‌ಗಳನ್ನು ನಿಧಾನ ಮಾಡುತ್ತಿದ್ದೇವೆ ಅಂತ 2017ರ ಕೊನೆಯಲ್ಲಿ ಆಪಲ್ ಒಪ್ಪಿಕೊಂಡಿತು. ಗಲಾಟೆ ಆದ ಮೇಲೆ ಬ್ಯಾಟರಿ ಬದಲಾವಣೆಯ ದರವನ್ನು ಅಮೆರಿಕದಲ್ಲಿ 79 ಡಾಲರ್‌ನಿಂದ 29ಕ್ಕೆ ಇಳಿಸಿತು. ಹಾಗಾಗಿ "ಫೋನ್ ಸ್ಲೋ ಆಗಿದೆ" ಅನ್ನುವುದಕ್ಕೂ ಕೆಲವೊಮ್ಮೆ ಹೊಸ ಬ್ಯಾಟರಿಯೇ ಸಾಕು.

ಐಫೋನ್‌ನಲ್ಲಿ ಬ್ಯಾಟರಿ ಹೆಲ್ತ್ ಸೆಟ್ಟಿಂಗ್ಸ್‌ನಲ್ಲೇ ಇದೆ. ಸ್ಯಾಮ್‌ಸಂಗ್‌ನವರು ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನಲ್ಲಿ ಪರೀಕ್ಷೆ ಮಾಡಬಹುದು. ಹೊಸದಿದ್ದಾಗ ಹಿಡಿಯುತ್ತಿದ್ದ ಚಾರ್ಜಿನ 80 ಪರ್ಸೆಂಟಿಗಿಂತ ಕೆಳಗೆ ಬಂದಿದ್ದರೆ ಬದಲಾಯಿಸುವ ಹೊತ್ತು ಬಂದಿದೆ ಅಂತ ಲೆಕ್ಕ. ಒಟ್ಟು 100 ಪರ್ಸೆಂಟ್ ಖರ್ಚಾದರೆ ಒಂದು ಸೈಕಲ್. ಅರ್ಧರ್ಧ ಎರಡು ಸಲ ಖಾಲಿ ಮಾಡಿದರೂ ಅದು ಒಂದೇ. ಐಫೋನ್ 14 ಮತ್ತು ಅದಕ್ಕೂ ಹಿಂದಿನವು 500 ಸೈಕಲ್‌ಗೆ, 15ರಿಂದ ಈಚಿನವು 1,000 ಸೈಕಲ್‌ಗೆ 80 ಪರ್ಸೆಂಟ್ ಉಳಿಯುವಂತೆ ಮಾಡಿದ್ದು ಅಂತ ಆಪಲ್ ಹೇಳುತ್ತದೆ. ಯುರೋಪಿನಲ್ಲಿ 2025ರ ಜೂನ್‌ನಿಂದ ಮಾರುಕಟ್ಟೆಗೆ ಬರುವ ಫೋನ್‌ಗಳು 800 ಸೈಕಲ್ ಆದ ಮೇಲೂ 80 ಪರ್ಸೆಂಟ್ ಉಳಿಸಿಕೊಳ್ಳಬೇಕು ಅಂತ ಕಾನೂನೇ ಇದೆ. ದಿನಕ್ಕೊಂದು ಸೈಕಲ್ ಅಂದುಕೊಂಡರೆ 800 ಅಂದರೆ ಎರಡು ವರ್ಷದ ಮೇಲೆ ಒಂದೆರಡು ತಿಂಗಳು. ಮೂರು ವರ್ಷ ಉಜ್ಜಿದ ಫೋನಿನ ಬ್ಯಾಟರಿ ಸುಸ್ತಾಗಿದ್ದರೆ ಅದರದ್ದೇನೂ ತಪ್ಪಿಲ್ಲ ಅಲ್ವಾ?

ಬಿಸಿಲು ಇದನ್ನು ಬೇಗ ಮಾಡಿಸುತ್ತದೆ. 35 ಡಿಗ್ರಿ ದಾಟಿದ ಬಿಸಿ ಬ್ಯಾಟರಿಗೆ ಒಳ್ಳೆಯದಲ್ಲ, ನಮ್ಮ ಕಡೆ ಏಪ್ರಿಲ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಬೈಕ್ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ, ಮ್ಯಾಪ್ ಹಾಕಿ, ಚಾರ್ಜಿಗೂ ಇಟ್ಟು ಮಟಮಟ ಮಧ್ಯಾಹ್ನ ಹೋಗುವವರು ಹೊಸ ಬ್ಯಾಟರಿ ಹಾಕಿಸಿದ ಮೇಲಾದರೂ ಅದನ್ನು ಬಿಡಿ.

ಹಿಂದಿನ ಕವರ್ ಉಬ್ಬಿದ್ದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಆಫ್ ಮಾಡಿ, ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಸೀದಾ ರಿಪೇರಿಯವರ ಹತ್ತಿರ ಹೋಗಿ.

ತಿಂಗಳ ಲೆಕ್ಕ

ನಾನು ಯಾವುದನ್ನೂ ಪೂರ್ತಿ ಬೆಲೆಯಲ್ಲಿ ನೋಡುವುದಿಲ್ಲ. ತಿಂಗಳಿಗೆ ಎಷ್ಟು ಬಿತ್ತು ಅಂತ ನೋಡುತ್ತೇನೆ. ಹುಡುಗ ಆಸೆಪಟ್ಟ ಫೋನ್ 20,000 ರೂಪಾಯಿ. ಹಳೆಯದಕ್ಕೆ ಎಕ್ಸ್‌ಚೇಂಜ್ 2,500. ಕೈಯಿಂದ ಹೋಗುವುದು 17,500. ಮೂರು ವರ್ಷ ಬಳಸುತ್ತಾನೆ ಅಂದರೆ 36 ತಿಂಗಳು. ತಿಂಗಳಿಗೆ 486.

ಬ್ಯಾಟರಿಗೆ ಕೂಲಿ ಸೇರಿ ನಮಗೆ ಹೇಳಿದ ರೇಟು 1,600. ಅದರಿಂದ ಫೋನ್ ಇನ್ನೂ ಒಂದೂವರೆ ವರ್ಷ ಓಡಿದರೆ ತಿಂಗಳಿಗೆ 89. ಆರೇ ತಿಂಗಳು ಓಡಿತು ಅಂತಲೇ ಇಟ್ಟುಕೊಳ್ಳಿ, ಆಗಲೂ 267. ಹೊಸ ಫೋನಿನ ಹತ್ತಿರಕ್ಕೂ ಬರಲ್ಲ.

ಈಗ ಅದೇ ಫೋನಿನ ಡಿಸ್‌ಪ್ಲೇ ಕೂಡ ಒಡೆದಿದೆ, ಅದಕ್ಕೆ 4,000 ಬೇಕು ಅನ್ನಿ. ಒಟ್ಟು 5,600. ಇನ್ನೊಂದು ವರ್ಷ ಬರುತ್ತದೆ ಅಂದರೂ ತಿಂಗಳಿಗೆ 467. ಹೊಸದಕ್ಕೂ ಇದಕ್ಕೂ ಇಪ್ಪತ್ತು ರೂಪಾಯಿ ವ್ಯತ್ಯಾಸ. ಅಲ್ಲಿಗೆ ರಿಪೇರಿ ಆಸೆ ಬಿಡುವುದು ಒಳ್ಳೆಯದು. ನಿಮ್ಮ ಅಂಕಿ ಬೇರೆ ಇರುತ್ತದೆ. ಒಂದು ಚೀಟಿ ಹಿಂದೆ ಬರೆದು ನೋಡಿ, ಐದು ನಿಮಿಷದ ಕೆಲಸ.

ಆದರೆ ಈ ಲೆಕ್ಕ ನಡೆಯುವುದು ಫೋನಿಗೆ ಇನ್ನೂ ಆಯಸ್ಸು ಇದ್ದಾಗ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಆಂಡ್ರಾಯ್ಡ್ ವರ್ಷನ್, ಅಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಅಂತ ಒಂದು ತಾರೀಕು ಇರುತ್ತದೆ. ಕಳ್ಳರು ಫೋನಿನೊಳಗೆ ನುಗ್ಗದಂತೆ ಕಂಪನಿ ಕೊನೆಯ ಸಲ ತಿದ್ದುಪಡಿ ಕಳಿಸಿದ್ದು ಯಾವಾಗ ಅಂತ ಅದು ಹೇಳುತ್ತದೆ. ಹೊಸ ಅಪ್‌ಡೇಟ್ ಇದೆಯಾ ಅಂತಲೂ ಒಮ್ಮೆ ಒತ್ತಿ ನೋಡಿ. ಆ ತಾರೀಕು ವರ್ಷಕ್ಕಿಂತ ಹಿಂದೆಯೇ ನಿಂತುಬಿಟ್ಟಿದ್ದರೆ, ಅದರಲ್ಲಿ ಯುಪಿಐ, ಬ್ಯಾಂಕ್ ವ್ಯವಹಾರ ಎಲ್ಲ ಇದ್ದರೆ, ನಾನಾದರೆ ಬ್ಯಾಟರಿಗೆ ದುಡ್ಡು ಹಾಕುವುದಿಲ್ಲ. ನಮ್ಮಮ್ಮನ ಥರ ಫೋನ್ ಕಾಲ್, ಯೂಟ್ಯೂಬಿನಲ್ಲಿ ಹಳೇ ಸಿನಿಮಾ ಹಾಡು, ಇಷ್ಟೇ ಆದರೆ ಧಾರಾಳವಾಗಿ ಹಾಕಿಸಿ.

ಬ್ಯಾಟರಿ ಹಾಕಿಸುವಾಗ

ಕಂಪನಿ ಸರ್ವಿಸ್ ಸೆಂಟರ್ ಇದ್ದರೆ ಮೊದಲು ಅಲ್ಲಿ ರೇಟ್ ಕೇಳಿ. ಮಂಡ್ಯದಲ್ಲಿ ನಿಮ್ಮ ಕಂಪನಿಯದ್ದು ಸಿಗದಿದ್ದರೆ ಮೈಸೂರಿಗೆ ಹೋಗುವವರು ಯಾರಾದರೂ ಮನೆಯಲ್ಲಿ ಇದ್ದೇ ಇರುತ್ತಾರೆ. ವಾರಂಟಿ ಮುಗಿಯದ ಫೋನನ್ನು ಹೊರಗಡೆ ಬಿಚ್ಚಿಸಬೇಡಿ.

ಹೊರಗಡೆ ಮಾಡಿಸುವುದಾದರೆ ಎದುರಿಗೇ ಮಾಡಿಸಿ. ನಮ್ಮ ಹುಡುಗನ ಫೋನನ್ನು ರಿಪೇರಿಯವನು ಮೊದಲು ಬಿಸಿ ಪ್ಯಾಡ್ ಮೇಲೆ ಮಲಗಿಸಿದ. ಅಂಟು ಸಡಿಲ ಆದ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಪಟ್ಟಿಯನ್ನು ಅಂಚಿನ ಸುತ್ತ ಓಡಿಸಿ ಹಿಂಬದಿ ಬಿಡಿಸಿದ. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿ ಇಟ್ಟ. ಬೇರೆ ಏನನ್ನೂ ಮುಟ್ಟುವ ಮುಂಚೆ ಬ್ಯಾಟರಿಯ ಕನೆಕ್ಟರ್ ಬಿಚ್ಚಿದ. ಬ್ಯಾಟರಿಯನ್ನು ಸ್ಕ್ರೂಡ್ರೈವರ್‌ನಿಂದ ಮೀಟಲಿಲ್ಲ, ಬ್ಯಾಟರಿಗೇ ಅಂಟಿಸಿದ್ದ ಎಳೆಯುವ ಪಟ್ಟಿ ಹಿಡಿದು ನಿಧಾನಕ್ಕೆ ಎಳೆದ. ಆ ತಾಳ್ಮೆ ನೋಡಿಯೇ ನನಗೆ ನಂಬಿಕೆ ಬಂತು. ಕಬ್ಬಿಣದ ತುದಿ ಹಾಕಿ ಎಬ್ಬಿಸುವವನು ಕಂಡರೆ ಫೋನ್ ವಾಪಸ್ ಇಸ್ಕೊಂಡು ಬನ್ನಿ. ಬ್ಯಾಟರಿ ತೂತಾದರೆ ಬೆಂಕಿ ಹತ್ತಬಹುದು.

ಹಾಕುವ ಮುಂಚೆ ಹೊಸ ಬ್ಯಾಟರಿ ಕೈಗೆ ತೆಗೆದುಕೊಂಡು ನೋಡಿ. ಬಿಐಎಸ್ (ಕೇಂದ್ರ ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಹಳೆಯದರ ಮೇಲೆ 5,000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಇದ್ದು, ಅದೇ ಗಾತ್ರದ ಹೊಸದರ ಮೇಲೆ 7,000 ಅಂತ ಬರೆದಿದ್ದರೆ ಅದು ಬರೀ ಸ್ಟಿಕ್ಕರ್. ಎಷ್ಟು ತಿಂಗಳ ಗ್ಯಾರಂಟಿ ಅಂತ ಬಿಲ್ ಮೇಲೆಯೇ ಬರೆಸಿ. ಒಮ್ಮೆ ಬಿಚ್ಚಿದ ಫೋನಿಗೆ ನೀರು ತಡೆಯುವ ಶಕ್ತಿ ಮೊದಲಿನ ಹಾಗೆ ಇರುವುದಿಲ್ಲ, ಮಳೆಯಲ್ಲಿ ಹುಷಾರು.

ಹೊಸದೇ ಬೇಕು ಅಂತ ಆದರೆ

ಡಬ್ಬದ ಮೇಲಿನ ಎಂಎಎಚ್ ಒಂದನ್ನೇ ನೋಡಬೇಡಿ. ಪರದೆ, ಪ್ರೊಸೆಸರ್, ನೆಟ್‌ವರ್ಕ್ ಮೂರೂ ತಿನ್ನುತ್ತವೆ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಕೇಳಿ. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಎಸ್24ರಿಂದ 7 ವರ್ಷ ಅನ್ನುತ್ತಿವೆ. ಅವೆಲ್ಲ ದುಬಾರಿ ಫೋನ್‌ಗಳು. ನಾವು ನೋಡುವ ಬೆಲೆಯಲ್ಲಿ ಸಾಮಾನ್ಯವಾಗಿ ಕಮ್ಮಿ ಇರುತ್ತದೆ. ಆ ವರ್ಷಗಳನ್ನು ಎಣಿಸುವುದು ಸಾಮಾನ್ಯವಾಗಿ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷ ಅಪ್‌ಡೇಟ್ ಇರುವ, ಎರಡು ವರ್ಷ ಹಳೆಯ ಮಾಡೆಲ್ ಆಫರ್‌ನಲ್ಲಿ ಬಂದರೆ ನಿಮಗೆ ಉಳಿಯುವುದು ಎರಡೇ ವರ್ಷ. ತಿಂಗಳ ಲೆಕ್ಕದಲ್ಲಿ 36ರ ಜಾಗಕ್ಕೆ 24 ಹಾಕಿ ಮತ್ತೆ ಭಾಗಿಸಿ ನೋಡಿ.

ನೋ ಕಾಸ್ಟ್ ಇಎಂಐ ಅನ್ನುವುದರಲ್ಲಿ ಪೂರ್ತಿ ಬಿಟ್ಟಿ ಏನಿಲ್ಲ. ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟನ್ನು ಅಂಗಡಿಯವರು ಡಿಸ್ಕೌಂಟ್ ಅಂತ ಮೊದಲೇ ಕಳೆಯುತ್ತಾರೆ. ಕ್ರೆಡಿಟ್ ಕಾರ್ಡ್ ಇಎಂಐ ಆದರೆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನಿಮ್ಮ ತಲೆ ಮೇಲೇ. ಬಡ್ಡಿ 1,200 ಆದರೆ 216 ರೂಪಾಯಿ. ಪ್ರೊಸೆಸಿಂಗ್ ಫೀ ಇದ್ದರೆ ಅದು ಬೇರೆ. ಒಂದೇ ಸಲ ಕೊಟ್ಟರೆ ಎಷ್ಟಕ್ಕೆ ಬಿಡ್ತೀರಾ ಅಂತ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು *#06# ಒತ್ತಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ) ತೆಗೆಯಿರಿ. ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಇದು ಕೇಂದ್ರ ದೂರಸಂಪರ್ಕ ಇಲಾಖೆಯ ಸೇವೆ. ಬ್ಲ್ಯಾಕ್‌ಲಿಸ್ಟ್ ಆದ ಫೋನ್ ಅಂತ ಉತ್ತರ ಬಂದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವವರು ಆತುರ ಮಾಡಬೇಡಿ. ವಾಟ್ಸಾಪ್ ಬ್ಯಾಕಪ್ ತೆಗೆದು, ಹೊಸ ಫೋನಿನಲ್ಲಿ ಯುಪಿಐ ಸರಿಯಾಗಿ ಓಡುತ್ತಿದೆಯಾ ಅಂತ ಯಾರಿಗಾದರೂ ಹತ್ತು ರೂಪಾಯಿ ಕಳಿಸಿ ನೋಡಿ. ಸಿಮ್, ಮೆಮೊರಿ ಕಾರ್ಡ್ ತೆಗೆದುಕೊಳ್ಳಿ. ಹಳೆಯದರಲ್ಲಿ ಗೂಗಲ್ ಅಕೌಂಟ್ ತೆಗೆದ ಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಅಕೌಂಟ್ ಹಾಗೇ ಉಳಿದರೆ ರೀಸೆಟ್ ಆದ ಮೇಲೂ ಫೋನ್ ನಿಮ್ಮ ಪಾಸ್‌ವರ್ಡ್ ಕೇಳಬಹುದು, ತೆಗೆದುಕೊಂಡವರು ವಾಪಸ್ ತಂದು ನಿಲ್ಲುತ್ತಾರೆ.