ಬೇಸಿನ್ ನೀರಲ್ಲಿ ರೋಹಿತ: ವಕ್ರೀಭವನ ಬಣ್ಣಕ್ಕೆ ಏನು ಮಾಡುತ್ತದೆ?

ಬೆಳಕು ಬಾಗಿದಾಗ ಅದರ ಬಣ್ಣವೇ ಬದಲಾಗುತ್ತದೆ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ನಿಜವಾಗಿ, ಬಿಳಿ ಬೆಳಕಿನಲ್ಲಿ ಬೆರೆತಿದ್ದ ಬಣ್ಣಗಳು ಒಂದೊಂದೂ ಒಂದೊಂದು ಕೋನದಲ್ಲಿ ಹೊರಳುತ್ತವೆ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಕೆಂಪಿಗೆ 1.331, ನೇರಳೆಗೆ 1.343. ಇಷ್ಟು ಸಣ್ಣ ವ್ಯತ್ಯಾಸ ಸಾಕು.

ಬೆಳಗ್ಗೆ 8ರ ಸುಮಾರಿಗೆ ಬಿಸಿಲು ಬೀಳುವ ಕಿಟಕಿಯ ಬಳಿ ನೆಲದ ಮೇಲೆ ಬೇಸಿನ್ ಇಟ್ಟು 8 ಸೆಂ.ಮೀ. ನೀರು ತುಂಬಿ. 10 ಸೆಂ.ಮೀ.ನ ಕನ್ನಡಿಯೊಂದನ್ನು ತಗೊಂಡು, ನಡುವೆ ಅಡ್ಡಲಾಗಿ 1 ಸೆಂ.ಮೀ. ಪಟ್ಟಿ ಬಿಟ್ಟು ಉಳಿದದ್ದಕ್ಕೆ ಕಪ್ಪು ಟೇಪ್ ಅಂಟಿಸಿ. ಅದನ್ನು ಸೂರ್ಯನ ಕಡೆಗೆ ಮುಖಮಾಡಿ, ತಳದಿಂದ 30 ಡಿಗ್ರಿ ಓರೆಯಾಗಿ ನೀರಲ್ಲಿ ಮುಳುಗಿಸಿ, ಹಿಂದೆ ಕಲ್ಲು ಒತ್ತುಕೊಡಿ. ನೀರು ಅಲುಗಾಡದೆ ನಿಂತ ಮೇಲೆ ಚಾವಣಿ ನೋಡಿ: ಬಣ್ಣಗಳ ಪಟ್ಟಿ, ಅಂದರೆ ರೋಹಿತ, ಮೂಡಿರುತ್ತದೆ. 3 ಮೀಟರ್ ಎತ್ತರದಲ್ಲಿ ಕೆಂಪಿಗೂ ನೇರಳೆಗೂ ಸುಮಾರು 5 ಸೆಂ.ಮೀ. ಅಂತರವಿರುತ್ತದೆ. ಕನ್ನಡಿಯನ್ನು ನೇರವಾಗಿ ಇಣುಕಬೇಡಿ, ಕಣ್ಣಿಗೆ ಅಪಾಯ.

ಟೇಪ್ ಹಾಕದಿದ್ದರೆ ಅಗಲವಾದ ಕಿರಣಗುಚ್ಛದ ಬಣ್ಣಗಳು ಒಂದರ ಮೇಲೊಂದು ಬಿದ್ದು ನಡುವೆ ಬಿಳಿ, ಅಂಚಿನಲ್ಲಷ್ಟೇ ಬಣ್ಣ. ಎದುರು ಗೋಡೆಯಲ್ಲಿ ಕಾಣುವ ಬಿಳಿ ಮಚ್ಚೆ ನೀರಿನ ಮೇಲ್ಮೈಯ ಪ್ರತಿಫಲನ, ಅದನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಕನ್ನಡಿ 45 ಡಿಗ್ರಿ ದಾಟಿ ನೆಟ್ಟಗಾದರೆ ಬೆಳಕು ನೀರಿನಿಂದ ಹೊರಬರುವುದೇ ಇಲ್ಲ, ಒಳಗೇ ಪೂರ್ಣ ಪ್ರತಿಫಲನವಾಗುತ್ತದೆ. ತೀರಾ ಮಲಗಿಸಿದರೆ? ಒಳಹೋಗುವಾಗ ಬೇರ್ಪಟ್ಟ ಬಣ್ಣಗಳು ಹೊರಬರುವಾಗ ಮತ್ತೆ ಸಮಾನಾಂತರವಾಗಿ ಬೆರೆತು ಬಿಳಿಯೇ ಕಾಣುತ್ತದೆ. ಕಿಟಕಿಯ ಗಾಜು ಬಣ್ಣ ಬಿಡದಿರುವುದೂ ಇದಕ್ಕೇ.

ಈಗ ಒಂದೇ ಬಣ್ಣ ತಗೊಳ್ಳಿ. ಗಾಜಿನ ಲೋಟದ ನೀರಿಗೆ ಒಂದು ಹನಿ ಹಾಲು ಕಲಸಿ, ಕತ್ತಲೆಯಲ್ಲಿ ಮೇಲಿನಿಂದ 650 ನ್ಯಾನೊಮೀಟರ್‌ನ ಕೆಂಪು ಲೇಸರ್ ಅನ್ನು ಓರೆಯಾಗಿ ಹಾಯಿಸಿ. ಗೆರೆ ಬಾಗುತ್ತದೆ, ಆದರೆ ಕೆಂಪಾಗಿಯೇ ಉಳಿಯುತ್ತದೆ. ನೀರಿನೊಳಗೆ ಅದರ ತರಂಗದೂರ ಸುಮಾರು 488ಕ್ಕೆ ಇಳಿದಿರುತ್ತದೆ. ಗಾಳಿಯಲ್ಲಿ ಅಷ್ಟು ತರಂಗದೂರದ ಬೆಳಕು ಹಸಿರು ಬೆರೆತ ನೀಲಿ! ಆದರೂ ಕೆಂಪೇ ಕಾಣುವುದೇಕೆಂದರೆ ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದು, ಬದಲಾಗಿಲ್ಲ. ಅಲ್ಲದೆ ಬೆಳಕು ಎಲ್ಲಿಂದ ಬಂದರೂ ಅಕ್ಷಿಪಟ ಮುಟ್ಟುವ ಮುನ್ನ ಕಣ್ಣುಗುಡ್ಡೆಯೊಳಗಿನ ಲೋಳೆಯನ್ನು ಹಾಯಲೇಬೇಕು. ಅದರ ಸೂಚ್ಯಂಕವೂ 1.336ರ ಆಸುಪಾಸಿನದು, ಹಾಗಾಗಿ ಅಕ್ಷಿಪಟ ತಲುಪುವಾಗ ತರಂಗದೂರ ಎರಡೂ ಸಂದರ್ಭದಲ್ಲಿ ಒಂದೇ. ನ್ಯೂಟನ್ 1672ರಲ್ಲಿ ಪ್ರಕಟಿಸಿದ ನಿರ್ಣಾಯಕ ಪ್ರಯೋಗದ ತಿರುಳೂ ಇದೇ: ಒಂದು ಪಟ್ಟಕದಿಂದ ಬೇರ್ಪಡಿಸಿದ ಬಣ್ಣವನ್ನು ಇನ್ನೊಂದು ಪಟ್ಟಕದ ಮೂಲಕ ಹಾಯಿಸಿದರೆ ಅದು ಬಾಗುತ್ತದೆ, ಹೊಸ ಬಣ್ಣ ಹುಟ್ಟುವುದಿಲ್ಲ.

ಹಾಲು ಹೆಚ್ಚಾದರೆ ಗೆರೆ ಕದಡಿ ಲೋಟವೆಲ್ಲ ಕೆಂಪಾಗಿ ಬೆಳಗುತ್ತದೆ. ನೀರು ಚೆಲ್ಲಿ ಮತ್ತೆ ಒಂದೇ ಹನಿಯಿಂದ ಶುರುಮಾಡಿ.