ಮಂಡಿಯ ಹಸುವಿಗೆ ಮಾತು ಕೊಡುವ ಬಗೆ

ಮಾತನಾಡುವ ಪ್ರಾಣಿಗಳ ಹಾಸ್ಯಕಥೆ ಬರೆಯಲು ಕೂರುವವರು ಮೊದಲು ಸಿಂಹವನ್ನು ಕೈಬಿಡುವುದು ಒಳ್ಳೆಯದು. 11ನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿ, ಅಂದರೆ ಯುದ್ಧ-ಸಂಧಾನಗಳ ಮಂತ್ರಿ, ಆಗಿದ್ದವನು. ಅರಸನ ಕಿವಿ ಕಚ್ಚುವವರನ್ನು ಹತ್ತಿರದಿಂದ ಬಲ್ಲವನ ಕೈಯಲ್ಲಿ ಸಿಂಹಕ್ಕೂ ನರಿಗೂ ಕೆಲಸವಿತ್ತು. ಕೋಲಾರದವರಾದ ನಮಗೆ ಸಿಂಹವೂ ಇಲ್ಲ, ಆಸ್ಥಾನವೂ ಇಲ್ಲ, ಇರುವುದು ಟೊಮೆಟೊ ಮಂಡಿ. ಅಲ್ಲಿ ಹಸುವಿದೆ, ಕಾಗೆಯಿದೆ, ಅಷ್ಟು ಸಾಕು.

ಪ್ರಾಣಿಯನ್ನು ಆರಿಸಿದ ಮೇಲೆ ಒಂದು ಬೆಳಗ್ಗೆ ಸುಮ್ಮನೆ ನಿಂತು ಅದನ್ನು ನೋಡಿರಿ. ಅದು ದಿನವೂ ಮಾಡುವುದನ್ನೇ ಕಥೆಯಲ್ಲಿಯೂ ಮಾಡಬೇಕು, ಮಾತು ಮಾತ್ರ ಮನುಷ್ಯರದಾಗಬೇಕು. ನಂದಿಬೆಟ್ಟದ ಕೋತಿ ಪ್ರವಾಸಿಗರ ಕೈಯಿಂದ ಚಿಪ್ಸ್ ಪೊಟ್ಟಣ ಕಿತ್ತುಕೊಳ್ಳುತ್ತದೆ. ಅದಕ್ಕೆ ಪ್ಯಾಂಟು ತೊಡಿಸದೆ, "ಕೆಳಗೆ ಕೊಟ್ಟದ್ದು ಪಾರ್ಕಿಂಗ್‌ಗೆ, ನಮ್ಮದು ಬೇರೆ" ಎಂದು ಹೇಳಿಸಿದರೆ ಕಥೆ ಶುರುವಾಯಿತು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳಿಗೆ ಗೂಡು ಕಟ್ಟಲು ಬರುವ ಬಣ್ಣದ ಕೊಕ್ಕರೆಗಳಿಂದ ಬಾಡಿಗೆ, ಅಡ್ವಾನ್ಸುಗಳ ತಕರಾರನ್ನು ಆಡಿಸಬಹುದು.

ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. ನಮ್ಮ ಕಡೆ ಕನ್ನಡದಲ್ಲಿ ಆರಂಭವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುವುದು ಮಾಮೂಲಾದ್ದರಿಂದ, ಮೇಕೆಯೊಂದು ಹಾಗೆ ಮಾತನಾಡಿದರೆ ಓದುಗ ಆಕ್ಷೇಪಿಸುವುದಿಲ್ಲ. ಆದರೆ ಒಂದು ಜಾತಿಯನ್ನೋ ಕೇರಿಯನ್ನೋ ಪ್ರಾಣಿಯ ವೇಷದಲ್ಲಿ ಹೀಯಾಳಿಸುವುದು ಹಾಸ್ಯವಲ್ಲ, ಹೇಡಿತನ.

ಕಷ್ಟವಿರುವುದು ಕೊನೆಯ ಸಾಲಿನಲ್ಲಿ. ನಾನು ಬರೆದ ಒಂದು ಕಥೆಯನ್ನೇ ನೋಡಿರಿ. ಬೆಲೆ ಬಿದ್ದಾಗ ರಸ್ತೆಬದಿಗೆ ಸುರಿದ ಟೊಮೆಟೊವನ್ನು ಹಸುವೊಂದು ಹೊಟ್ಟೆತುಂಬ ತಿನ್ನುತ್ತದೆ. ಬೆಲೆ ಏರುತ್ತದೆ, 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಅಂಥ ಕಾಲ. ಅಭ್ಯಾಸಬಲದಿಂದ ಬಾಕ್ಸಿಗೆ ಬಾಯಿ ಹಾಕಿದ ಹಸುವಿಗೆ ದೊಣ್ಣೆಯ ಏಟು ಬೀಳುತ್ತದೆ. ಅದು ಕಾಗೆಯ ಮುಂದೆ ಗೋಳಾಡುತ್ತದೆ: "ಹೋದ ತಿಂಗಳು ಇದೇ ಹಣ್ಣು ತಿಂದಾಗ 'ತಿನ್ನು ತಾಯಿ' ಅಂತ ಕೈ ಮುಗಿದರು ಕಣೋ, ಈ ತಿಂಗಳು ಕಳ್ಳದನ ಅಂತಾರೆ."

ಮೊದಲ ಕರಡಿನಲ್ಲಿ ಕಾಗೆ, "ನೀನು ಬದಲಾಗಿಲ್ಲ ಅಕ್ಕ, ರೇಟು ಬದಲಾಗಿದೆ" ಎಂದು ಉತ್ತರಿಸಿತ್ತು. ಓದಿದಾಗ ಅದು ಕಾಗೆಯಂತಿರದೆ ಶಾಲಾ ವಾರ್ಷಿಕೋತ್ಸವದ ಮುಖ್ಯ ಅತಿಥಿಯಂತೆ ಕೇಳಿಸಿತು. ಹಸು ಆಗಲೇ ಹೇಳಿದ್ದನ್ನು ಕಾಗೆ ಬಿಡಿಸಿ ಹೇಳುತ್ತಿತ್ತು, ಅಷ್ಟೇ. ಆದ್ದರಿಂದ ಆ ಸಾಲನ್ನು ಹೊಡೆದುಹಾಕಿ, ಕಾಗೆಗೆ ತನ್ನದೇ ಆದ ದುಃಖವೇನಿರಬಹುದೆಂದು ಎರಡು ದಿನ ಯೋಚಿಸಿದೆ. ಹೊಸ ಕರಡಿನಲ್ಲಿ ಅದು ಕೊಕ್ಕಿನಿಂದ ರೆಕ್ಕೆ ಕೆದರಿಕೊಂಡು ಹೀಗೆನ್ನುತ್ತದೆ:

"ನಿಂದು ಎಷ್ಟೋ ವಾಸಿ ಅಕ್ಕ. ನನ್ನನ್ನ ತಿಥಿ ದಿನ ತಾತ ಅಂತ ಕರೆದು ವಡೆ ಇಡ್ತಾರೆ. ಮಾರನೇ ದಿನ ಅದೇ ಮನೆ ಸಂಡಿಗೆ ಹತ್ರ ಹೋದ್ರೆ ಕಲ್ಲು."