ಹೊಲಿದ ಬೆರಳು ಮತ್ತೆ ಬೀಡಿ ಕಟ್ಟುವವರೆಗೆ

ಉಡುಪಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು ಹೆಚ್ಚಾಗಿ ನೋಡುವುದು ಕೈಯ ಗಾಯಗಳನ್ನು. ಮಲ್ಪೆಯ ಬೋಟುಗಳಲ್ಲಿ ಹಗ್ಗಕ್ಕೆ ಸಿಕ್ಕ ಬೆರಳು, ಒಡೆದ ಗಾಜು ಸೀಳಿದ ಅಂಗೈ, ಮೆಟ್ಟುಕತ್ತಿಯಲ್ಲಿ ಮೀನು ಕೊಯ್ಯುವಾಗ ಆದ ಗಾಯ ಇಲ್ಲಿ ವರ್ಷವಿಡೀ ಇದ್ದದ್ದೇ. ಬೆರಳನ್ನು ಮಡಚುವ ಟೆಂಡನ್ (ಸ್ನಾಯುವನ್ನು ಎಲುಬಿಗೆ ಜೋಡಿಸುವ ಹುರಿಯಂಥ ಭಾಗ) ಕಡಿದಿದ್ದರೆ ಶಸ್ತ್ರಚಿಕಿತ್ಸೆಯಷ್ಟೇ ಮಹತ್ವ ಆ ಬಳಿಕದ 12 ವಾರಗಳಿಗೂ ಇದೆ ಎಂಬುದು ನನ್ನ ಅಭಿಪ್ರಾಯ. ಬೀಡಿ ಕಟ್ಟಿ ಸಂಸಾರ ತೂಗಿಸುತ್ತಿದ್ದ ಮಹಿಳೆಯೊಬ್ಬರ ಬಲಗೈ ತೋರುಬೆರಳನ್ನು ಕೆಲಸಕ್ಕೆ ಮರಳಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಬೆರಳು ಕೊಯ್ದದ್ದು ಬುಡದ ಸಮೀಪದಲ್ಲಿ. ಅಲ್ಲಿ ಎರಡು ಟೆಂಡನ್‌ಗಳು ಒಂದೇ ಇಕ್ಕಟ್ಟಾದ ಕೊಳವೆಯೊಳಗೆ ಒಂದಕ್ಕೊಂದು ತಾಗಿಕೊಂಡು ಜಾರುತ್ತವೆ. ಅಮೆರಿಕದ ಶಸ್ತ್ರವೈದ್ಯ ಸ್ಟರ್ಲಿಂಗ್ ಬನ್ನೆಲ್ ಈ ಭಾಗದಲ್ಲಿ ಟೆಂಡನ್ ಅನ್ನು ಕೂಡಲೇ ಹೊಲಿಯುವುದನ್ನು ಒಪ್ಪುತ್ತಿರಲಿಲ್ಲ. ಹೊಲಿದದ್ದು ಸುತ್ತಲಿನ ಗೋಡೆಗೆ ಅಂಟಿಕೊಂಡು ಬೆರಳು ಬಿಗಿದುಬಿಡುತ್ತದೆ ಎಂಬ ಭಯ ಆಗಿನ ಕಾಲದಲ್ಲಿ ನಿರಾಧಾರವೇನೂ ಆಗಿರಲಿಲ್ಲ. 1967ರಲ್ಲಿ ಶಸ್ತ್ರವೈದ್ಯ ಕ್ಲೈನರ್ಟ್ ಮತ್ತು ಸಂಗಡಿಗರು ಹೊಲಿಗೆಯ ಬೆನ್ನಿಗೇ ರಬ್ಬರ್ ಬ್ಯಾಂಡಿನ ನೆರವಿನಿಂದ ಬೆರಳಾಡಿಸಿ ಒಳ್ಳೆಯ ಫಲಿತಾಂಶ ತೋರಿಸಿದರು. 1975ರಲ್ಲಿ ವೈದ್ಯರಾದ ಡ್ಯುರಾನ್ ಮತ್ತು ಹೌಸರ್, ಟೆಂಡನ್ 3ರಿಂದ 5 ಮಿಲಿಮೀಟರ್ ಜಾರಿದರೂ ಅಂಟುವಿಕೆಯನ್ನು ತಡೆಯಬಹುದು ಎಂದರು. ನನ್ನ ದಿನನಿತ್ಯದ ಕೆಲಸ ನಿಂತಿರುವುದು ಆ ಕೆಲವೇ ಮಿಲಿಮೀಟರ್‌ಗಳ ಮೇಲೆ.

ವ್ಯಾಯಾಮ ಆರಂಭಿಸುವ ಮೊದಲು ನಾನು ಶಸ್ತ್ರವೈದ್ಯರಿಂದ ಹೊಲಿಗೆಯಲ್ಲಿ ಎಷ್ಟು ಎಳೆಗಳಿವೆ, ಬೆರಳಿನ ನರಕ್ಕೂ ಪೆಟ್ಟಾಗಿದೆಯೇ ಎಂಬುದನ್ನು ಕೇಳಿಕೊಳ್ಳುತ್ತೇನೆ. ಎಳೆ ಹೆಚ್ಚಿದ್ದಷ್ಟೂ ಹೊಲಿಗೆ ಗಟ್ಟಿ. ಇವರದ್ದು ನಾಲ್ಕೆಳೆಯ ಹೊಲಿಗೆಯಾಗಿದ್ದುದರಿಂದ ಬೆರಳನ್ನು ಅವರೇ ಮೆಲ್ಲಗೆ ಮಡಚುವ ಕ್ರಮಕ್ಕೆ ವೈದ್ಯರ ಒಪ್ಪಿಗೆ ಸಿಕ್ಕಿತು. ಆರಂಭದ ಊತ ಇಳಿಯಲು ಕೆಲವು ದಿನ ಬಿಟ್ಟು, ಬಿಸಿನೀರಿನಲ್ಲಿ ಮೆದುವಾಗುವ ಪ್ಲಾಸ್ಟಿಕ್ ಹಾಳೆಯಿಂದ ಕೈಯ ಹಿಂಬದಿಗೆ ಸ್ಪ್ಲಿಂಟ್ (ಆಧಾರದ ಪಟ್ಟಿ) ಮಾಡಿದೆ. ಮಣಿಕಟ್ಟು ಸ್ವಲ್ಪ ಬಾಗಿ, ಬೆರಳುಗಳ ಬುಡದ ಗಂಟುಗಳು ಹೆಚ್ಚು ಬಾಗಿ, ಮುಂದಿನ ಎರಡು ಗಂಟುಗಳು ನೇರವಾಗಿ ನಿಲ್ಲುವಂತೆ ಅದರ ಆಕಾರ. ನಡುಗಂಟು ಬಾಗಿದಲ್ಲೇ ಸೆಟೆದುಕೊಳ್ಳುವುದು ಇಂಥ ಗಾಯಗಳ ದೊಡ್ಡ ಕಾಟವಾದ್ದರಿಂದ ರಾತ್ರಿ ಬೆರಳುಗಳನ್ನು ನೇರವಾಗಿ ಹಿಡಿಯುವ ಪಟ್ಟಿಯನ್ನೂ ಸೇರಿಸಿದೆ.

ಎಚ್ಚರವಿರುವಷ್ಟು ಹೊತ್ತು ಆಗಾಗ ಮಾಡಬೇಕಾದ ವ್ಯಾಯಾಮ ಚಿಕ್ಕದು. ಮೊದಲು ಎಡಗೈಯಿಂದ ಬೆರಳನ್ನು ಪೂರ್ತಿ ಮಡಚಿ ಗಂಟುಗಳ ಬಿಗಿತ ಬಿಡಿಸಬೇಕು. ಆಮೇಲೆ ಅದೇ ಬೆರಳು ತಾನಾಗಿ ಅರ್ಧ ಮುಷ್ಟಿಯವರೆಗೆ ಮಡಚಿ, ಹಿಂದಿನ ಸ್ಪ್ಲಿಂಟಿಗೆ ತಾಗುವಷ್ಟು ನೇರವಾಗಬೇಕು. ಬಿಗಿತ ಬಿಡಿಸದೆ ನೇರವಾಗಿ ಎರಡನೆಯ ಹೆಜ್ಜೆಗೆ ಹೋದರೆ ಗಂಟಿನ ತಡೆಯನ್ನು ಮೀರಲು ಟೆಂಡನ್ ಹೆಚ್ಚು ಎಳೆಯಬೇಕಾಗುತ್ತದೆ, ಆ ಭಾರ ಹೊಲಿಗೆಯ ಮೇಲೆ ಬೀಳುತ್ತದೆ. "ಡಾಕ್ಟ್ರೇ, ಆಡಿಸಿದರೆ ಹೊಲಿಗೆ ಬಿಟ್ಟುಹೋಗುವುದಿಲ್ಲವಾ?" ಎಂದು ಅವರು ಕೇಳಿದಾಗ, "ಅಕ್ಕಾ, ಆಡಿಸುವುದಕ್ಕೆ ಹೆದರಬೇಡಿ, ಹಿಡಿಯುವುದಕ್ಕೆ ಹೆದರಿ" ಎಂದಿದ್ದೆ. ಕೊಡಪಾನ, ಚೀಲ, ಬಾವಿ ಹಗ್ಗ ಯಾವುದನ್ನೂ ಮುಟ್ಟಬಾರದಿತ್ತು. ಬಲಗೈಯಲ್ಲಿ ಊಟಕ್ಕೆಂದು ಸ್ಪ್ಲಿಂಟ್ ಬಿಚ್ಚುವವರು ಬಹಳ. ಇವರು ಗಂಜಿಯನ್ನು ಎಡಗೈಯ ಚಮಚದಲ್ಲೇ ಉಂಡರು. ಮನೆಯಲ್ಲಿ ಅತ್ತೆ ಎಣ್ಣೆ ತಿಕ್ಕಲು ಹೊರಟಿದ್ದರಂತೆ. ಹಸಿ ಗಾಯದ ಮೇಲೆ ಬೇಡ, ಹೊಲಿಗೆ ಮಾಯ್ದ ಮೇಲೆ ಗಾಯದ ಕಲೆಯನ್ನು ಹೇಗೆ ತಿಕ್ಕಬೇಕೆಂದು ನಾನೇ ಕಲಿಸುತ್ತೇನೆ ಎಂದು ಅತ್ತೆಯನ್ನೇ ಕರೆಸಿ ಹೇಳಿದ್ದು ಉಪಯೋಗಕ್ಕೆ ಬಂತು.

ಪ್ರತಿ ಭೇಟಿಯಲ್ಲೂ ಮಣಿಕಟ್ಟನ್ನು ನಾನೇ ಮೆಲ್ಲಗೆ ಹಿಂದಕ್ಕೆ ಬಾಗಿಸಿ ನೋಡುತ್ತಿದ್ದೆ. ಆಗ ಬೆರಳು ತಾನಾಗಿ ಒಳಕ್ಕೆ ಸುರುಳಿಯಾದರೆ ಟೆಂಡನ್ ಅಖಂಡವಾಗಿದೆ ಎಂದು ಅದಕ್ಕೆ ಭಾರ ಹಾಕದೆಯೇ ತಿಳಿಯುತ್ತದೆ. ಬೆರಳು ಇದ್ದಕ್ಕಿದ್ದಂತೆ ಮಡಚದೆ ಹೋದರೆ ಮುಂದಿನ ಭೇಟಿಯವರೆಗೆ ಕಾಯದೆ ಅದೇ ದಿನ ಬರಬೇಕೆಂದು ಹೇಳಿಟ್ಟಿದ್ದೆ.

ಆರು ವಾರ ಕಳೆದ ಮೇಲೆ ಹಗಲಿನ ಸ್ಪ್ಲಿಂಟ್ ತೆಗೆಸಿ, ಒಂದೊಂದೇ ಗಂಟನ್ನು ಹಿಡಿದು ತುದಿಯನ್ನು ಮಾತ್ರ ಮಡಚುವ ಅಭ್ಯಾಸ ಕೊಟ್ಟೆ. ಎಂಟು ವಾರವಾದ ಮೇಲೆ ಸಾಮಾನ್ಯವಾಗಿ ಮೆದು ಪುಟ್ಟಿ (ಕಲಸಿದ ಹಿಟ್ಟಿನಂಥ ವ್ಯಾಯಾಮದ ಮುದ್ದೆ) ಹಿಸುಕಲು ಕೊಡುತ್ತಾರೆ. ಅದನ್ನು ಕೊಟ್ಟೆನಾದರೂ, ಬೀಡಿ ಕಟ್ಟುವವರಿಗೆ ಬೇಕಾದದ್ದು ಹಿಸುಕುವ ಬಲಕ್ಕಿಂತ ಹೆಚ್ಚಾಗಿ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಎಲೆಯನ್ನು ಉರುಳಿಸುವ ನಯ ಎಂದು ನನಗನ್ನಿಸಿತ್ತು. ಮನೆಯಿಂದಲೇ ಎಲೆ ಮತ್ತು ನೂಲು ತರಿಸಿ, ತಂಬಾಕು ತುಂಬದೆ, ಮೊದಲು ದಪ್ಪ ಸುರುಳಿ, ಬಳಿಕ ಸಣ್ಣದು, ಕೊನೆಗೆ ನೂಲು ಸುತ್ತಿ ತುದಿ ಮಡಚುವುದು ಎಂಬ ಕ್ರಮದಲ್ಲಿ ಮಾಡಿಸಿದೆ. ಗಾಯದ ಬದಿಯಲ್ಲಿ ನರವೂ ಕೊಯ್ದಿದ್ದರಿಂದ ಬೆರಳ ತುದಿಯ ಸ್ಪರ್ಶ ಮಂದವಾಗಿತ್ತು. ಹೀಗಾಗಿ ಕಣ್ಣು ಮುಚ್ಚಿ ಎಲೆಯ ಅಂಚನ್ನು ಗುರುತಿಸುವ ಅಭ್ಯಾಸವನ್ನೂ ಸೇರಿಸಬೇಕಾಯಿತು. ಬಾವಿಯಿಂದ ನೀರು ಸೇದಲು, ಹೆರೆಮಣೆಯಲ್ಲಿ ತೆಂಗಿನಕಾಯಿ ಹೆರೆಯಲು 12 ವಾರ ತುಂಬಿದ ಮೇಲಷ್ಟೇ ಒಪ್ಪಿಗೆ ಕೊಟ್ಟೆ.

ತುದಿಗಂಟು ಈಗಲೂ ಪೂರ್ತಿ ಮಡಚುವುದಿಲ್ಲ, ಉಗುರು ಅಂಗೈಗೆ ತಾಗಲು ಸ್ವಲ್ಪ ಅಂತರ ಉಳಿದಿದೆ. ಅಂಟಿದ ಭಾಗವನ್ನು ಬಿಡಿಸುವ ಇನ್ನೊಂದು ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯರೊಂದಿಗೆ ಮಾತಾಯಿತು. ಅದನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾದು, ಗಂಟುಗಳು ಸಡಿಲವಾದ ಮೇಲೆ ಮಾಡುತ್ತಾರೆ, ಮಾಡಿದ ಮರುದಿನದಿಂದಲೇ ಮತ್ತೆ ವ್ಯಾಯಾಮಕ್ಕೆ ಇಳಿಯಬೇಕು. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ಮಟ್ಟಿಗೆ ಬೆರಳು ಒದಗುತ್ತಿರುವುದರಿಂದ ಅವರು ಸದ್ಯಕ್ಕೆ ಬೇಡವೆಂದರು, ನಾನೂ ಒತ್ತಾಯಿಸಲಿಲ್ಲ.